ಹೊನ್ನಮ್ಮನ ತೊಲೆ, ನನ್ನ ಮೀಟರು

ಹೊನ್ನಮ್ಮ ಅವತ್ತು ನನ್ನನ್ನು ದೇವರ ಕೋಣೆಗೆ ಬರಬೇಡ ಎಂದರೋ, ಬಾ ಎಂದರೋ? ನಿಜವಾಗಿ ನನಗೆ ಗೊತ್ತಿಲ್ಲ. ಬರಬೇಡ ಎಂದರು ಅಂತ ಹತ್ತಾರು ಜನರಿಗೆ ಹೇಳಿದ್ದೇನೆ. ಹೇಳುವಾಗ ಪ್ರತಿ ಸಲವೂ ನಂಬಿದ್ದೇನೆ ಕೂಡ.

ನಡೆದದ್ದಿಷ್ಟು. ಹೊನ್ನಮ್ಮ ರಾಜಗೋಪಾಲನಗರದ ಹಳೆಯ ಒಕ್ಕಲು ಮನೆತನದವರು. ಹೊಲದ ಜಾಗದಲ್ಲಿ ಕಾರ್ಖಾನೆ ಶೆಡ್ಡುಗಳೆದ್ದ ಮೇಲೆ, ರಾಗಿ ತುಂಬುತ್ತಿದ್ದ ಅಟ್ಟವನ್ನು ಬಾಡಿಗೆಗೆ ಕೊಡಲು ಹೊರಟರು. ಅಟ್ಟದ ನೆಲವೆಂದರೆ ಮರದ ತೊಲೆಗಳು, ಮೇಲೆ ಹಲಗೆ. ತಡೆಯುತ್ತದೆಯೇ ಎಂದು ನೋಡಲು ನನ್ನನ್ನು ಕರೆದರು. ನಾನೋ, ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೆಷಿನ್ ತುಂಬುವ ಪೆಟ್ಟಿಗೆಗಳ ಮರ ಒಣಗಿದೆಯೇ ಎಂದು ಪರೀಕ್ಷಿಸುವವನು. (ಎಂ.ಎಸ್‌ಸಿ. ಬೇರೆ.) ಕೈಯಲ್ಲಿ ಎರಡು ಸೂಜಿಯ ಮೀಟರು. ಮರಕ್ಕೆ ಚುಚ್ಚಿದರೆ ತೇವ ಶೇಕಡ ಎಷ್ಟೆಂದು ಮುಳ್ಳು ತೋರಿಸುತ್ತದೆ. ಇಪ್ಪತ್ತು ದಾಟಿದರೆ ಬೂಷ್ಟು ಹಿಡಿಯುವ ಭಯ.

ನಡುಮನೆಯಲ್ಲಿ ಸ್ಟೂಲ್ ಹತ್ತಿ ತೊಲೆಗೆ ಚುಚ್ಚಿದೆ. ಹನ್ನೊಂದು. ಹನ್ನೆರಡು. ಒಣಮರ!

ಹೊನ್ನಮ್ಮ ಒನಕೆಯಿಂದ ತೊಲೆಯನ್ನು ತಟ್ಟುತ್ತಾ ದೇವರ ಕೋಣೆಯ ಗೋಡೆಯತ್ತ ನಡೆದರು.

"ಇಲ್ಲಿ ಟಣ್ ಅಂತೈತೆ. ಗೋಡೆತಾವ ಬದ್ ಅಂತೈತೆ, ಕೇಳು ಸಾಮಿ. ಅಣಬೆ ವಾಸ್ನೆ ಬೇರೆ."

"ವಾಸನೆಗೆ ನಂಬರ್ ಇಲ್ಲಮ್ಮ" ಎಂದೆ.

"ಯಾಕೆ, ಮೂಗೈತಲ್ಲ ನಿಂಗೆ?"

ತೊಲೆ ಮೊದಲು ಕೊಳೆಯುವುದು ನಡುವಿನಲ್ಲಲ್ಲ, ಗೋಡೆಯೊಳಗೆ ಹುದುಗಿ ಮಳೆಯ ತೇವ ಕುಡಿಯುವ ತುದಿಯಲ್ಲಿ. ಇದನ್ನು ಓದಿ ಪಾಸಾದವನು ನಾನು. ಆ ತುದಿಯಿದ್ದದ್ದು ದೇವರ ಕೋಣೆಯಲ್ಲಿ. ನನ್ನ ಕಾಲಲ್ಲಿ ಲೇಸು ಕಟ್ಟಿದ ಬೂಟು. (ಒಳಗಿನ ಕಾಲುಚೀಲದಿಂದ ಹೆಬ್ಬೆರಳು ಹೊರಗಿಣುಕುತ್ತಿತ್ತು. ಇದೊಂದು ಮಾತ್ರ ಚೆನ್ನಾಗಿ ನೆನಪಿದೆ.)

ಒಂದು ನೆನಪಿನಲ್ಲಿ ಹೊನ್ನಮ್ಮ ಬಾಗಿಲಿಗೆ ಅಡ್ಡ ನಿಂತು, "ಬೂಟ್ ಕಾಲಲ್ಲಿ ಬರ್ಬ್ಯಾಡ" ಎನ್ನುತ್ತಾರೆ. ಇನ್ನೊಂದರಲ್ಲಿ ಪಕ್ಕಕ್ಕೆ ಸರಿದು, "ಬೂಟ್ ಬಿಟ್ಟು ಒಳಿಕ್ ಬಾ" ಎನ್ನುತ್ತಾರೆ. ಎರಡರಲ್ಲೂ ನಾನು ಒಳಗೆ ಹೋಗುವುದಿಲ್ಲ.

ನನ್ನ ವರದಿ ನಂಬಿ ಹೊನ್ನಮ್ಮ ಅಟ್ಟವನ್ನು ಬಾಡಿಗೆಗೆ ಕೊಟ್ಟರು. ಮಳೆಗಾಲ ಮುಗಿಯುವಷ್ಟರಲ್ಲಿ ತುದಿ ಮುರಿದು ಅಟ್ಟ ಕುಸಿಯಿತು. ಬಾಡಿಗೆಗಿದ್ದ ಶಿವಣ್ಣ ಬಿದ್ದು ತೊಡೆಯ ಮೂಳೆ ಮುರಿದುಕೊಂಡ. ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮೇಲೆ ಅವನದು ಟೆಂಪರರಿ ಕೆಲಸ. ಅವನು ಹಾಸಿಗೆಯಿಂದೇಳುವಷ್ಟರಲ್ಲಿ ಆ ಲೇತಿನ ಮುಂದೆ ಬೇರೆಯವನು ನಿಂತಿದ್ದ.

ನಾನೇನು ಹೇಳಿಕೊಂಡು ತಿರುಗಿದೆ? "ಮಡಿಯಂತೆ ಗುರು! ಮೀಟರನ್ನೇ ಒಳಗೆ ಬಿಡ್ಲಿಲ್ಲ." ಕ್ಯಾಂಟೀನಿನಲ್ಲಿ ಎಲ್ಲರೂ ನಕ್ಕರು. ನೀವೇ ಹೇಳಿ, ನನ್ನಂಥ ವಿಚಾರವಾದಿಗೆ ಇದಕ್ಕಿಂತ ಹಿತವಾದ ಕಥೆ ಬೇಕೇ?

ಹೋದ ವಾರ ಶಿವಣ್ಣ ಬಸ್ ಸ್ಟಾಪಿನಲ್ಲಿ ಸಿಕ್ಕ. ಕುಂಟುತ್ತಿದ್ದ.

"ನೀವೇನ್ ಮಾಡಕ್ಕಾಯ್ತದೆ ಸಾರ್? ಆಯಮ್ಮ ಒಳಗೇ ಬಿಟ್ಟಿಲ್ವಂತಲ್ಲ. ಅದ್ ಗೊತ್ತಾದ್ ಮೇಲೆ ಆ ಮನೆ ಕಡೆ ತಿರುಗ್ ನೋಡಿಲ್ಲ ನಾನು. ತಾಯಿ ಅನ್ಕೊಂಡಿದ್ದೆ."

ನನ್ನ ಕಥೆ ಅವನವರೆಗೂ ತಲುಪಿತ್ತು. ನಾನು ತಲೆಯಾಡಿಸಿದೆ. ಹೌದು, ಆಡಿಸಿದೆ.

ಮನೆಗೆ ಬಂದು ಹಳೆಯ ಫೈಲು ಹುಡುಕಿದೆ. ಹೊನ್ನಮ್ಮನಿಗೆ ಕೊಟ್ಟ ವರದಿಯ ಕಾರ್ಬನ್ ಪ್ರತಿ ಸಿಕ್ಕಿತು. ಒಳಗೆ ಬಿಡದಿದ್ದರೆ ಹಾಗೆಂದು ಬರೆದಿರಬೇಕಲ್ಲವೇ? ಬರೆದಿಲ್ಲ. 'ಗೋಡೆಯೊಳಗಿನ ತುದಿ' ಎಂಬಲ್ಲಿ, ನನ್ನದೇ ಅಕ್ಷರದಲ್ಲಿ, 'ಶೇಕಡ ಹನ್ನೆರಡು' ಎಂದಿದೆ.