ಮೊದಲು ಖಾಲಿಯಾಗುತ್ತಿದ್ದ ಪಲ್ಯ

ನನ್ನ ಗಂಡನ ನಾಲಿಗೆಯ ರುಚಿ ನನ್ನಷ್ಟು ಬಲ್ಲವರು ಯಾರೂ ಇಲ್ಲ ಎಂದು ಇಪ್ಪತ್ತಾರು ವರ್ಷ ಜಂಬದಿಂದ ಬದುಕಿದವಳು ನಾನು. ನಮ್ಮ ಮನೆಯಲ್ಲಿ ಬೇಕೇ ಎಂದು ಕೇಳಿ ಬಡಿಸುವ ರೂಢಿಯಿಲ್ಲ. ತಟ್ಟೆಯಲ್ಲಿ ಯಾವುದು ಮೊದಲು ಖಾಲಿಯಾಯಿತೋ ಅದನ್ನೇ ಇನ್ನೊಂದು ಸೌಟು ಹಾಕುವುದು. ಅವರೆಕಾಯಿ ಕಾಲ ಬಂತೆಂದರೆ ಯಲಹಂಕದ ಮಾರುಕಟ್ಟೆಯಿಂದ ಸೊಗಡಿನ ಕಾಯಿ ತಂದು, ಸುಲಿದು, ನೆನೆಸಿ, ಒಂದೊಂದೇ ಕಾಳು ಹಿಸುಕಿ ಹಿತಕಿದ ಬೇಳೆ ಪಲ್ಯ ಮಾಡುತ್ತಿದ್ದೆ. ಇವರು ಊಟಕ್ಕೆ ಕೂತವರೇ ಮೊದಲು ಅದನ್ನು ಮುಗಿಸುತ್ತಿದ್ದರು. ನಾನು ಮತ್ತೆ ಹಾಕುತ್ತಿದ್ದೆ. ಮೆಂತ್ಯ ಸೊಪ್ಪಿನ ಪಲ್ಯ ಮಾತ್ರ ಕೊನೆಯವರೆಗೂ ತಟ್ಟೆಯ ಅಂಚಿನಲ್ಲೇ ಇರುತ್ತಿತ್ತು. ಪಾಪ, ಕಹಿ ಸೇರುವುದಿಲ್ಲ ಎಂದುಕೊಂಡು ಮದುವೆಯಾದ ವರ್ಷವೇ ಅದನ್ನು ಮಾಡುವುದು ಬಿಟ್ಟೆ. ಹೇಗಿದೆ ಎಂದು ಕೇಳಿದರೆ ಅವರದು ಎಲ್ಲಕ್ಕೂ ಒಂದೇ ಉತ್ತರ, "ಚೆನ್ನಾಗಿದೆ."

ಈ ಚಳಿಗಾಲದಲ್ಲಿ ಅವರಿಗೆ ಪಾರ್ಶ್ವವಾಯು ಬಡಿದು ಮಾತು ನಿಂತುಹೋಯಿತು. ಹೆಬ್ಬಾಳದ ಆಸ್ಪತ್ರೆಯ ಗಂಜಿಗೆ ಅವರು ಬಾಯಿ ತೆರೆಯಲಿಲ್ಲ.

"ಅವ್ರಿಗೆ ಇಷ್ಟ ಆಗೋದನ್ನ ನುಣ್ಣಗೆ ಮಾಡ್ಕೊಂಡು ಬನ್ನಿ. ಬಾಯಲ್ಲಿ ತಗೊಳ್ಲಿಲ್ಲ ಅಂದ್ರೆ ಮೂಗಿಗೆ ಟ್ಯೂಬ್ ಹಾಕ್ಬೇಕಾಗತ್ತೆ" ಎಂದರು ಡಾಕ್ಟರು.

ನನಗೆ ಯೋಚಿಸುವ ಅಗತ್ಯವೇ ಕಾಣಲಿಲ್ಲ. ಹಿತಕಿದ ಬೇಳೆ ಅರೆದು ಒಯ್ದೆ. ಅವರು ತುಟಿ ಬಿಗಿದು ಮುಖ ತಿರುಗಿಸಿದರು. ಹಸಿದ ಹೊಟ್ಟೆಯಲ್ಲೂ ಇದೆಂಥ ಹಟ ಎಂದು ಸಿಟ್ಟು ಬಂತು. ಗಲ್ಲ ಹಿಡಿದು ಒಂದು ಚಮಚ ಹಾಕಿಯೇಬಿಟ್ಟೆ. ಕೆಮ್ಮಿ ಕೆಮ್ಮಿ ಮುಖವೆಲ್ಲ ಕೆಂಪಾಯಿತು. ನರ್ಸ್ ಓಡಿ ಬಂದು ನನ್ನನ್ನು ಆಚೆ ಕಳಿಸಿದರು.

ನನ್ನ ಗಂಡನ ಅಕ್ಕ ಚಿಕ್ಕಬಾಣಾವರದಿಂದ ಬಂದು ಹೊರಗೆ ಕೂತಿದ್ದರು. ನನ್ನ ಕೈಯಲ್ಲಿದ್ದ ಡಬ್ಬಿ ನೋಡಿ, "ಇದನ್ಯಾಕೆ ತಂದೆ? ಅವ್ನಿಗೆ ಅವರೆಕಾಳು ಚಿಕ್ಕೋನಿಂದ್ಲೂ ಸೇರಲ್ಲ" ಎಂದರು.

"ಮನೇಲಿ ಮೊದ್ಲು ಅದನ್ನೇ ತಿಂತಾರಲ್ಲ ಅಕ್ಕ."

"ಸೇರ್ದೇ ಇರೋದನ್ನ ಮೊದ್ಲು ನುಂಗ್ಬಿಡ್ತಾನೆ ಕಣೇ. ತಟ್ಟೇಲಿ ಬಿಟ್ರೆ ಅಮ್ಮ ಏಳಕ್ಕೆ ಬಿಡ್ತಿರ್ಲಿಲ್ಲ. ಇಷ್ಟ ಆಗಿದ್ದನ್ನ ಕೊನೇಗೆ ಅಂತ ಇಟ್ಕೋತಾನೆ."

ಬಾಯಿಬಿಟ್ಟು ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಒಳಗೆ ಹೋಗಿ ಜಗಳ ಆಡಬೇಕೆನಿಸಿತು. ಆದರೆ ಹೇಗಿದೆ ಎಂದು ದಿನವೂ ಕೇಳಿದ ನಾನು, ನಿಮಗೆ ಯಾವುದು ಇಷ್ಟ ಎಂದು ಒಂದು ದಿನವೂ ಕೇಳಿರಲಿಲ್ಲ. ನಾಚಿಕೆಯಾಗಿ ಅತ್ತುಬಿಟ್ಟೆ.

ಮರುದಿನ ಬೆಳಿಗ್ಗೆ ಮೆಂತ್ಯ ಸೊಪ್ಪು ಬಿಡಿಸಿ, ಕಾಯಿತುರಿ ಹಾಕಿ ಪಲ್ಯ ಮಾಡಿ, ನುಣ್ಣಗೆ ಅರೆದು ಒಯ್ದೆ. ಅಷ್ಟರಲ್ಲಿ ಮೂಗಿಗೆ ಟ್ಯೂಬ್ ಹಾಕಿಯಾಗಿತ್ತು.

"ನಿನ್ನೆ ತಿನ್ಸಿದ್ದು ಶ್ವಾಸಕೋಶಕ್ಕೆ ಹೋಗಿದೆಮ್ಮ. ಇನ್ಮೇಲೆ ಬಾಯಿಗೆ ಏನೂ ಹಾಕೋ ಹಾಗಿಲ್ಲ" ಎಂದರು ಡಾಕ್ಟರು. ಎಷ್ಟು ದಿನ ಎಂದು ಕೇಳಿದೆ. ಅವರು ಮುಂದಿನ ಹಾಸಿಗೆಗೆ ಹೋದರು.

ತೋರಿಸೋಣವೆಂದಷ್ಟೇ ಡಬ್ಬಿಯ ಮುಚ್ಚಳ ತೆಗೆದೆ. ಮೆಂತ್ಯದ ವಾಸನೆ ಬಂದಾಗ ಅವರ ಕಣ್ಣು ಡಬ್ಬಿಯ ಮೇಲೆ ನಿಂತಿತು. ಆಮೇಲೆ ನಿಧಾನವಾಗಿ ಬಾಯಿ ತೆರೆದು ಕಾದರು. ನಾನು ಮುಚ್ಚಳ ಹಾಕಿದೆ.