ಮುಂಗಡ ಹಣ ವಾಪಸಿಲ್ಲ

ಆ ತಿಂಗಳ ಲೆಕ್ಕದ ಕೊನೆಯ ಚೌಕ ಹಸಿರಾಗಿತ್ತು. ಲಾಭವಾದರೆ ಹಸಿರು, ನಷ್ಟವಾದರೆ ಕೆಂಪು ಬರುವ ಹಾಗೆ ಲ್ಯಾಪ್‌ಟಾಪಿನಲ್ಲಿ ನಾನೇ ಮಾಡಿಟ್ಟಿದ್ದೆ.

ಹನೂರಿನಲ್ಲಿ ನಮ್ಮದು ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ನಡೆಸುವುದು ಅಮ್ಮ. ಎಂ.ಕಾಂ. ಮುಗಿಸಿ ಬಂದ ಮೇಲೆ ಲೆಕ್ಕ ನಾನು ವಹಿಸಿಕೊಂಡೆ. ಮದುವೆಯವರು ಕೊಟ್ಟ ಮುಂಗಡವನ್ನು ಅಮ್ಮ ಬೇರೆ ಡಬ್ಬಿಯಲ್ಲಿಟ್ಟು, ಪಾತ್ರೆಗಳು ವಾಪಸು ಬರುವವರೆಗೂ ಮುಟ್ಟುತ್ತಿರಲಿಲ್ಲ. ಅದನ್ನೆಲ್ಲ ನಾನು ಬ್ಯಾಂಕಿಗೆ ಕಟ್ಟಿಸಿದೆ.

"ಕಾರ್ಯ ಆಗೋಗಂಟ ಅದು ಅವರ ದುಡ್ಡು ಕಣವ್ವ."

"ಎಂ.ಕಾಂ. ಓದಿ ಡಬ್ಬಿ ಕಾಯ್ಕಂಡು ಕೂರ್ಲಾ?"

"ನಿನ್ ಎಂ.ಕಾಂ. ನಂಗೊತ್ತಿಲ್ಲ. ಡಬ್ಬಿ ಗೊತ್ತು."

ಇಬ್ಬರೂ ನಕ್ಕೆವು.

ಮುಂಗಡ ಆದಾಯವಲ್ಲ, ಕೆಲಸ ಮಾಡಿಕೊಡುವವರೆಗೆ ಅದು ನಮ್ಮ ಮೇಲಿನ ಸಾಲ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವಳು ನಾನು. ಆದರೂ ಆದಾಯಕ್ಕೇ ಸೇರಿಸಿದೆ. ಸೇರಿಸಿದರೆ ಚೌಕ ಹಸಿರಾಗುತ್ತಿತ್ತು, ಅಮ್ಮನಿಗೆ ತೋರಿಸಬಹುದಿತ್ತು. ಆ ಹಸಿರನ್ನು ನಂಬಿ ನೂರು ಹೊಸ ಕುರ್ಚಿ ತರಿಸಿದೆ. ರಸೀದಿ ಪುಸ್ತಕ ಅಚ್ಚು ಹಾಕಿಸುವಾಗ ಅಮ್ಮನನ್ನು ಕೇಳದೆ ಕೆಳಗೊಂದು ಸಾಲು ಸೇರಿಸಿದೆ: ಮುಂಗಡ ಹಣ ವಾಪಸಿಲ್ಲ.

ಅಮ್ಮ ಕೊಳ್ಳೇಗಾಲಕ್ಕೆ ಹೋಗಿದ್ದ ಒಂದು ಮಧ್ಯಾಹ್ನ ಅಜ್ಜೀಪುರದವರೊಬ್ಬರು ಬಂದರು. ಮಗನ ಮದುವೆಗೆಂದು ಎಂಟು ಸಾವಿರ ಕೊಟ್ಟು ಹೋಗಿದ್ದವರು. ಸೂತಕವೆಂದು ಒಳಗೆ ಬರದೆ ಮೆಟ್ಟಿಲ ಕೆಳಗೇ ನಿಂತರು.

"ನಮ್ಮವ್ವ ಓಗ್ಬುಟ್ಲು ಕಣವ್ವ. ಇನ್ನೊಂದೊರ್ಸ ಮದ್ವೆ ಮಾಡಂಗಿಲ್ಲ. ಆ ದುಡ್ಡು ಕೊಟ್ರೆ ತಿಥಿಗಾಯ್ತದೆ."

ಅಂಗಡಿಯ ಖಾತೆಯಲ್ಲಿ ಎರಡು ಸಾವಿರವೂ ಇರಲಿಲ್ಲ. ಅದನ್ನೇ ಹೇಳಬಹುದಿತ್ತು. ನಾಲ್ಕು ದಿನ ಕೊಡಿ ಎನ್ನಬಹುದಿತ್ತು. ನನ್ನ ಸ್ವಂತ ಖಾತೆಯಲ್ಲಿ ಹಣವಿತ್ತು; ಆಗ ನೆನಪಾಗಲಿಲ್ಲ ಎಂದರೆ ಸುಳ್ಳು. ನಾನು ಅವರ ಕೈಯಲ್ಲಿದ್ದ ರಸೀದಿಯ ಕೆಳಸಾಲಿಗೆ ಬೆರಳಿಟ್ಟು ಓದಿ ಹೇಳಿದೆ.

"ಅಂಗಾ? ನಂಗೆ ಓದಕ್ ಬರಕಿಲ್ಲ. ಓದಿರೋರು ನೀವು, ಯೋಳಿದ್ಮೇಲೆ ಸರಿ ಇರ್ತದೆ ಬುಡವ್ವ."

ವ್ಯಂಗ್ಯವಾಗಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನಿಜವಾಗಿಯೂ ನಂಬಿದ್ದರು. ರಸೀದಿ ಮಡಿಸಿ ಜೇಬಿಗಿಟ್ಟು ಬಸ್‌ಸ್ಟ್ಯಾಂಡಿನ ಕಡೆಗೆ ನಡೆದರು.

ಸಂಜೆ ಅಮ್ಮ ಕೇಳಿತು, "ಯಾರಾರ ಬಂದಿದ್ರಾ?"

"ಯಾರೂ ಇಲ್ಲ" ಎಂದೆ.

ಮರುದಿನ ಬೆಳಿಗ್ಗೆ ಎಟಿಎಂನಿಂದ ನನ್ನ ಎಂಟು ಸಾವಿರ ತೆಗೆದು ಮೊದಲ ಬಸ್ಸಿಗೆ ಅಜ್ಜೀಪುರಕ್ಕೆ ಹೋದೆ. ಅವರು ಜಗಲಿಯ ಮೇಲೆ ಕೂತಿದ್ದರು. ಹಣ ಕೊಟ್ಟು, "ನಿಮ್ ದುಡ್ಡ ಖರ್ಚ್ ಮಾಡ್ಬುಟ್ಟಿದ್ದೆ. ಅದುಕ್ಕೇ ಅಂಗಂದೆ. ಆ ಸಾಲು ಬರ್ಸಿದ್ದೂ ನಾನೇ, ಅಮ್ಮಂಗೆ ಗೊತ್ತಿಲ್ಲ" ಎಂದೆ. ಆಮೇಲೆ ಅಲ್ಲಿ ನಿಲ್ಲಲಿಲ್ಲ. ಹನೂರಿಗೆ ಮರಳಿದಾಗ ಅಮ್ಮ ಅಂಗಡಿಯ ಷಟರ್ ಎತ್ತುತ್ತಿತ್ತು. ಷಟರ್ ಪೂರ್ತಿ ಮೇಲೇರುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟೆ.