ಯಾವ ಕರಿಯಣ್ಣನ ಸಂಘ?

ಕಳೆದ ವಾರ ದೇವನಹಳ್ಳಿ ರಸ್ತೆಯ ಅಂಗಡಿಯೊಂದರಲ್ಲಿ ಪ್ಲಾಸ್ಟಿಕ್ ಲೋಟದಲ್ಲಿ ಟೀ ಕೊಟ್ಟರು. ಬಿಸಿಗೆ ಮೆತ್ತಗಾದ ಆ ಲೋಟದ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯಲ್ಲಿದ್ದ, ಈಗಿಲ್ಲದ ದೊಡ್ಡಪ್ಪ ನೆನಪಾದರು. ರಕ್ತಸಂಬಂಧವೇನಿಲ್ಲ. ನಮ್ಮ ಕಾಲೋನಿಯ ಹುಡುಗರಿಗೆಲ್ಲ ಅವರು ದೊಡ್ಡಪ್ಪನೇ.

ವಿಮಾನ ನಿಲ್ದಾಣ ಕಟ್ಟುತ್ತಿದ್ದ ಕಾಲ. ಊರಿನ ಹೋಟೆಲಿನವನು ನಮ್ಮ ಜನಕ್ಕೆಂದು ಹೊರಗಿನ ಗೂಡಿನಲ್ಲಿ ಇಡುತ್ತಿದ್ದ ಬೇರೆ ಲೋಟಗಳನ್ನು ತೆಗೆದುಹಾಕಿ ಪ್ಲಾಸ್ಟಿಕ್ಕಿನವು ತಂದ. "ಏರ್‌ಪೋರ್ಟ್ ಸ್ಟೈಲು ಗುರು" ಎಂದು ನಾವು ಹಿಗ್ಗಿದೆವು. ದೊಡ್ಡಪ್ಪ ಒಳಗೆ ಬೆಂಚಿನ ಮೇಲೆ ಕೂತವರ ಕೈಯಲ್ಲಿದ್ದ ಗಾಜಿನ ಲೋಟ ನೋಡಿ, "ಸ್ಟೈಲು ನಮ್ಗೊಬ್ರಿಗೇ ಯಾಕ್ರಲಾ?" ಎಂದರು.

ಅವರು ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು. ಯೂನಿಯನ್ ಸಭೆಗಳಲ್ಲಿ ಕೇಳಿದ್ದೆಲ್ಲ ತಲೆಯಲ್ಲಿ ಕುದಿಯುತ್ತಲೇ ಇತ್ತು. ಕೂತಲ್ಲಿ ಕೂರುವವರಲ್ಲ, ನಿಂತಲ್ಲಿ ನಿಲ್ಲುವವರಲ್ಲ. ಆ ಸಂಜೆಯೇ ಬೇವಿನ ಮರದಡಿ ಎಲ್ಲರನ್ನೂ ಸೇರಿಸಿದರು.

"ಅಮೆರಿಕದಲ್ಲಿ ಕರಿಯರನ್ನ ಹೊಡ್ದು ಮರಕ್ಕೆ ನೇತಾಕ್ತಿದ್ರು. ಹೇಳೋರು ಕೇಳೋರು ಇರ್ಲಿಲ್ಲ. ಅದಕ್ಕೇ ಸಂಘ ಕಟ್ಟಿದ್ರು. ಕೋರ್ಟಿಗೋದ್ರು, ಓಟಿನ ಹಕ್ಕು ಕೇಳಿದ್ರು. ಅವ್ರ ಹುಡುಗ್ರು ತಮ್ಮನ್ನ ಒಳಗೆ ಬಿಡದೇ ಇದ್ದ ಹೋಟ್ಲಿಗೋಗಿ ಸುಮ್ನೆ ಕೂತ್ಬಿಟ್ರು."

ಹಿಂದೆ ಕೂತಿದ್ದ ಅಜ್ಜಿಯೊಬ್ಬಳು ಕೇಳಿದಳು: "ಯಾವ ಕರಿಯಣ್ಣನ ಕಡೇರಪ್ಪಾ ಅವ್ರು? ರಾಜಘಟ್ಟದೋರಾ?"

ನಮ್ಮ ಕಡೆ ಮನೆಗೊಬ್ಬ ಕರಿಯಣ್ಣ! ನಕ್ಕು ನಕ್ಕು ಸಾಕಾಯಿತು. ದೊಡ್ಡಪ್ಪ ನಗಲಿಲ್ಲ. "ನಮ್ ಕಡೇರೇ ಕಣವ್ವಾ" ಎಂದರು. ಹಾಗೆ ನಮ್ಮದೂ ಕರಿಯಣ್ಣನ ಸಂಘವಾಯಿತು. ಇದ್ದದ್ದು ಒಂದೇ ಗುರಿ... ಒಳಗೆ ಬೆಂಚಿನ ಮೇಲೆ ಕೂತು ಗಾಜಿನ ಲೋಟದಲ್ಲಿ ಟೀ ಕುಡಿಯುವುದು.

ಮರುದಿನ ಹೋಗಿ ಕೂತೆವು. "ಹಾಲು ಒಡ್ದೋಯ್ತು" ಎಂದು ಹೋಟೆಲಿನವನು ಒಲೆ ಆರಿಸಿದ. ನಾವು ಹೋದಾಗಲೆಲ್ಲ ಅವನ ಹಾಲು ಒಡೆಯುತ್ತಿತ್ತು. ದೊಡ್ಡಪ್ಪ ಬಿಡಲಿಲ್ಲ, ದಿನಾ ಹೋದರು. ಅಷ್ಟರಲ್ಲಿ ರಸ್ತೆ ಅಗಲ ಮಾಡುವವರು ಬಂದು ಹೋಟೆಲನ್ನೇ ಕೆಡವಿದರು. ನಾವು ಕುಣಿದಾಡಿದೆವು. ಅವರು ಮಾತ್ರ ಇಟ್ಟಿಗೆ ರಾಶಿಯ ಮುಂದೆ ಶತಪಥ ಹಾಕುತ್ತಾ, "ಗೆದ್ದಿದ್ದು ರಸ್ತೆ ಕಣ್ರಲಾ, ನಾವಲ್ಲ" ಎಂದರು. ನನಗೆ ಸಿಟ್ಟೇ ಬಂದಿತ್ತು. ಒಂದು ದಿನವಾದರೂ ಸಂತೋಷಪಡಬಾರದೇ ಈ ಮನುಷ್ಯ...

ನಿನ್ನೆ, ಆಗ ಕೂಸಾಗಿದ್ದ ನನ್ನ ಮಗಳು ಹೊಸ ಲೇಔಟಿನಲ್ಲಿ ಬಾಡಿಗೆ ಮನೆ ಕೇಳಲು ಹೋಗಿದ್ದಳು. ಮನೆಯವರು ನಗುನಗುತ್ತಲೇ, "ನಿಮ್ದು ಯಾವ ಜನ?" ಎಂದರಂತೆ. ಹೇಳಿದ ಮೇಲೆ ಮನೆ ಆಗಲೇ ಬೇರೆಯವರಿಗೆ ಆಗಿಹೋಗಿದೆ ಎಂದರಂತೆ. ಕೇಳಿ ಮೈ ಉರಿದುಹೋಯಿತು. ಚಪ್ಪಲಿಯನ್ನೂ ಮೆಟ್ಟದೆ ಪಕ್ಕದ ಮನೆಗೆ ಹೋಗಿ, "ದೊಡ್ಡಪ್ಪಾ" ಎಂದು ಕೂಗಿಬಿಟ್ಟೆ. ಯಾರೋ ಹೊಸಬರು ಬಾಗಿಲು ತೆರೆದು, ಯಾರು ಬೇಕಿತ್ತು ಎಂದು ಕೇಳಿದರು.